ಹಲಗೆಯಿಂದ ಕಣ್ಣಿಗೆ ಬಂದ ಡ್ರಾಯಿಂಗ್

— ಮಾವ, ನೀವು ವಿಮಾನದ ಫ್ಯಾಕ್ಟರಿಯ ಹಾರ್ನೆಸ್ ಸೆಕ್ಷನ್ನಿನಲ್ಲಿದ್ದಾಗ ಕೆಲಸ ಹೇಗೆ ನಡೀತಿತ್ತು ಅಂತ ಸ್ವಲ್ಪ ಬಿಡಿಸಿ ಹೇಳಿ. ಅದೇ ಕೆಲಸಕ್ಕೆ ನಮ್ಮ ಟೀಮು ಆಗ್ಮೆಂಟೆಡ್ ರಿಯಾಲಿಟಿ ಸಾಫ್ಟ್‌ವೇರ್ ಮಾಡ್ತಿದೆ. ನಮ್ಮಲ್ಲಿ ವೈರು ಕಟ್ಟಿದವರು ಒಬ್ಬರೂ ಇಲ್ಲ.

— ಕಟ್ಟದವರು ಕಟ್ಟೋರಿಗೆ ದಾರಿ ತೋರಿಸ್ತೀರಾ! ಇರಲಿ, ಕೇಳು. ಎಂಟಡಿ ಉದ್ದದ ಪ್ಲೈವುಡ್ ಹಲಗೆ, ಕೆಲವು ಅದಕ್ಕಿಂತಲೂ ಉದ್ದ. ಅದರ ಮೇಲೆ ಡ್ರಾಯಿಂಗ್ ಅಂಟಿಸಿರ್ತಿದ್ವಿ. ಸ್ಕೇಲು ಒಂದಕ್ಕೊಂದು. ಕಾಗದದಲ್ಲಿ ಗೆರೆ ಎಷ್ಟುದ್ದವೋ ವೈರೂ ಅಷ್ಟುದ್ದ. ವೈರುಗಳ ಕಟ್ಟು, ಅದೇ ಹಾರ್ನೆಸ್ಸು, ಎಲ್ಲೆಲ್ಲಿ ಕವಲೊಡೆಯುತ್ತೋ ಅಲ್ಲೆಲ್ಲ ಮೊಳೆ. ಒಂದೊಂದು ವೈರಿಗೂ ನಂಬರು. ಅದನ್ನ ಗೆರೆಗುಂಟ, ಮೊಳೆಗಳ ಮಧ್ಯೆ ಹಾಯಿಸಿಕೊಂಡು ಹೋಗಿ, ಅಲ್ಲಲ್ಲಿ ದಾರದಿಂದ ಬಿಗಿದು, ತುದಿಗೆ ಪಿನ್ ಕ್ರಿಂಪ್ ಮಾಡಿ ಕನೆಕ್ಟರಿನ ಸರಿಯಾದ ತೂತಿಗೆ ಕೂರಿಸಬೇಕು. ಪಿನ್ ಕೂತಾಗ ಟಕ್ ಅನ್ನುತ್ತೆ. ಫ್ಯಾಕ್ಟರಿ ಗದ್ದಲದಲ್ಲಿ ಅದು ಕಿವಿಗೆ ಕೇಳಿಸಲ್ಲ, ಬೆರಳಿಗೆ ಗೊತ್ತಾಗುತ್ತೆ. ಆಮೇಲೆ ಮೆತ್ತಗೆ ಹಿಂದಕ್ಕೆ ಎಳೆದು ನೋಡಬೇಕು, ಬಂದುಬಿಟ್ಟರೆ ಕೂತಿರಲಿಲ್ಲ ಅಂತ ಅರ್ಥ. ನಮ್ಮಲ್ಲಿ ಈ ಕೆಲಸಕ್ಕೆ ಹೆಂಗಸರೇ ಜಾಸ್ತಿ ಇದ್ದರು.

— ಆ ಹಲಗೆಯಿಂದಲೇ ನಮ್ಮ ಕಸುಬು ಹುಟ್ಟಿದ್ದು ಅಂದರೆ ನಂಬ್ತೀರಾ? 1990ರ ಸುಮಾರಿನಲ್ಲಿ ಅಮೆರಿಕದ ಬೋಯಿಂಗ್ ಕಂಪನಿಯಲ್ಲಿ ಟಾಮ್ ಕಾಡೆಲ್, ಡೇವಿಡ್ ಮಿಜೆಲ್ ಅಂತ ಇಬ್ಬರು ಸಂಶೋಧಕರಿದ್ದರು. ಒಂದು 747-400 ವಿಮಾನದಲ್ಲಿ ಸುಮಾರು 275 ಕಿಲೋಮೀಟರ್ ವೈರು ಇರುತ್ತೆ. ಅದನ್ನೆಲ್ಲ ಹಲಗೆ ಮೇಲೆ ಕಟ್ಟಬೇಕಿತ್ತು. ಈ ಹಲಗೆಗಳ ರಗಳೆಯೇ ಬೇಡ, ಕೆಲಸಗಾರರ ತಲೆಗೆ ಒಂದು ಪಾರದರ್ಶಕ ಡಿಸ್‌ಪ್ಲೇ ತೊಡಿಸೋಣ, ಎದುರಿಗೆ ಖಾಲಿ ಹಲಗೆ ಇಡೋಣ, ಯಾವ ವೈರು ಕೈಯಲ್ಲಿದೆಯೋ ಅದರ ದಾರಿಯನ್ನ ಮಾತ್ರ ಕಂಪ್ಯೂಟರ್ ಆ ಹಲಗೆ ಮೇಲೆ ಬರೆದ ಹಾಗೆ ಕಾಣಿಸಲಿ ಅಂತ ಯೋಚನೆ ಮಾಡಿದರು. 1992ರಲ್ಲಿ ಅವರು ಬರೆದ ಪ್ರಬಂಧದಿಂದಲೇ ಆಗ್ಮೆಂಟೆಡ್ ರಿಯಾಲಿಟಿ ಅನ್ನೋ ಹೆಸರು ಚಾಲ್ತಿಗೆ ಬಂದಿದ್ದು. ಜನ ಅದನ್ನ ಆಟದ ಸಾಮಾನು ಅಂದುಕೊಳ್ತಾರೆ. ಹುಟ್ಟಿದ್ದು ವೈರು ಕಟ್ಟೋಕೆ.

— ಹಲಗೆ ರಗಳೆ ಅನ್ನೋದು ನಿಜ ಕಣಮ್ಮ. ಗೋಡೆಗುಂಟ ರ‍್ಯಾಕುಗಳಲ್ಲಿ ಹಲಗೆಗಳನ್ನ ನಿಲ್ಲಿಸಿರ್ತಿದ್ವಿ. ಒಂದೇ ಮಾಡೆಲ್ಲು, ಆದರೆ ಒಬ್ಬ ಗಿರಾಕಿಗೆ ಎರಡು ದೀಪ ಹೆಚ್ಚು ಬೇಕು, ಇನ್ನೊಬ್ಬನಿಗೆ ರೇಡಿಯೋ ಬೇರೆ. ಅಷ್ಟಕ್ಕೆ ಹಲಗೆ ಬೇರೆ. ಡಿಸೈನ್‌ನವರು ಒಂದು ಕವಲನ್ನ ನಾಲ್ಕು ಇಂಚು ಈಚೆ ತಂದರು ಅಂತ ಇಟ್ಟುಕೋ, ಕಾಗದ ಕಿತ್ತು, ಹೊಸದು ಅಂಟಿಸಿ, ಮೊಳೆ ಕಿತ್ತು, ಮತ್ತೆ ಹೊಡೆದು... ಹಳೇ ಮೊಳೆ ತೂತಿನಲ್ಲಿ ಹೊಸ ಮೊಳೆ ನಿಲ್ಲಲ್ಲ. ಸರಿ, ಆ ಇಬ್ಬರ ಕನ್ನಡಕ ಏನಾಯಿತು?

— ಪ್ರಯೋಗ ಮಾಡಿದರು, ಫ್ಯಾಕ್ಟರಿಯೊಳಗೂ ತಂದು ನೋಡಿದರು. 1998ರಲ್ಲಿ ಮಿಜೆಲ್ ಮತ್ತು ಜೊತೆಯವರು ಇನ್ನೊಂದು ಪ್ರಬಂಧ ಬರೆದರು, ಶೀರ್ಷಿಕೆಯಲ್ಲೇ ದೆವ್ವಗಳನ್ನ ಕರೆದಿದ್ದಾರೆ: ಸಣ್ಣ ಸಣ್ಣ ವಿವರಗಳಲ್ಲಿ ಕೂತು ಕಾಡೋ ದೆವ್ವಗಳು. ದಿನನಿತ್ಯದ ಉತ್ಪಾದನೆಗೆ ಅದು ಆಗ ಇಳಿಯಲೇ ಇಲ್ಲ.

— ಯಾವ ದೆವ್ವಗಳು?

— ಮೊದಲನೇದು, ಗೆರೆ ನಿಲ್ಲಬೇಕಾದ ಕಡೆ ನಿಲ್ಲಲ್ಲ. ನಿಮ್ಮ ಹಲಗೆ ಮೇಲಿನ ಕಾಗದ ಅಲ್ಲಾಡ್ತಿರಲಿಲ್ಲ. ಕನ್ನಡಕದ ಗೆರೆ ಹಾಗಲ್ಲ. ನೀವು ತಲೆ ತಿರುಗಿಸಿದಾಗಲೆಲ್ಲ, ತಲೆ ಎಲ್ಲಿದೆ, ಯಾವ ಕಡೆ ವಾಲಿದೆ ಅಂತ ಕಂಪ್ಯೂಟರ್ ಅಳೆದು, ಗೆರೆಯನ್ನ ಹೊಸದಾಗಿ ಬರೀಬೇಕು. ಆ ಅಳತೆ ಒಂದೇ ಒಂದು ಡಿಗ್ರಿ ತಪ್ಪಿದರೂ, 60 ಸೆಂಟಿಮೀಟರ್ ದೂರದಲ್ಲಿ, ಅಂದರೆ ನಿಮ್ಮ ಕೈ ಕೆಲಸ ಮಾಡೋ ಜಾಗದಲ್ಲಿ, ಗೆರೆ ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತೆ.

— ಕನೆಕ್ಟರಿನ ಒಂದು ತೂತಿಗೂ ಇನ್ನೊಂದಕ್ಕೂ ಎರಡು-ಮೂರು ಮಿಲಿಮೀಟರ್ ಕಣೇ! ಒಂದು ಸೆಂಟಿಮೀಟರ್ ಅಂದರೆ ನಾಲ್ಕನೇ ಪಿನ್ನಿಗೆ ಬಾಣ ತೋರಿಸುತ್ತೆ.

— ಅದು ತಲೆ ಅಲ್ಲಾಡದೇ ಇದ್ದಾಗಿನ ಲೆಕ್ಕ ಮಾವ. ಅಳೆಯೋಕೆ, ಬರೆಯೋಕೆ ಸಮಯ ಬೇಕಲ್ಲ. ನೀವು ಸಹಜವಾಗಿ ಪಕ್ಕಕ್ಕೆ ತಿರುಗಿದಾಗ ತಲೆ ಸೆಕೆಂಡಿಗೆ 50 ಡಿಗ್ರಿ ತಿರುಗುತ್ತೆ ಅಂತ ಇಟ್ಟುಕೊಳ್ಳಿ. ಕಂಪ್ಯೂಟರ್ 50 ಮಿಲಿಸೆಕೆಂಡ್ ತಡ ಮಾಡಿತು ಅಂದರೆ, ಅಷ್ಟರಲ್ಲಿ ಎರಡೂವರೆ ಡಿಗ್ರಿ ಹಿಂದೆ ಬಿದ್ದಿರುತ್ತೆ. ಎರಡೂವರೆ ಸೆಂಟಿಮೀಟರ್. ಗೆರೆ ಈಜಾಡ್ತಾ ಬಂದು ಜಾಗಕ್ಕೆ ಸೇರುತ್ತೆ. ಈಗಿನ ಉಪಕರಣಗಳಲ್ಲಿ ಇದು ಬಹಳ ಕಮ್ಮಿಯಾಗಿದೆ, 90ರ ದಶಕದಲ್ಲಿ ತಲೆನೋವು.

— ಅಂದರೆ ಈಗ ತೊಂದರೆ ಇಲ್ಲ.

— ಇದೆ, ಬೇರೆ ತರದ್ದು. ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ ಅಂತ ಒಂದಿತ್ತು, 2016ರಲ್ಲಿ ಬಂತು, ಎರಡನೇದು 2019ರಲ್ಲಿ 3,500 ಡಾಲರಿಗೆ. ಗೆರೆ ನಿಲ್ಲಿಸೋದರಲ್ಲಿ ಅದು ಎತ್ತಿದ ಕೈ. ಆದರೆ ಅದರ ಗಾಜು ಚಿತ್ರವನ್ನ ಸುಮಾರು ಎರಡು ಮೀಟರ್ ದೂರದಲ್ಲಿ ಇದ್ದ ಹಾಗೆ ಕಣ್ಣಿಗೆ ಕೊಡುತ್ತೆ. ನಿಮ್ಮ ಕೈ ಇರೋದು ಅರ್ಧ ಮೀಟರಿನಲ್ಲಿ. ಕಣ್ಣು ಪಿನ್ ಮೇಲೆ ನೆಟ್ಟರೆ ಬಾಣ ಮಸುಕು, ಬಾಣದ ಮೇಲೆ ನೆಟ್ಟರೆ ಪಿನ್ ಮಸುಕು. ಇಡೀ ದಿನ ಹಾಗೆ ಕಣ್ಣು ಹಿಂದೆ ಮುಂದೆ ಓಡಾಡಿಸಿದರೆ ಏನಾಗುತ್ತೆ ಹೇಳಿ.

— ತೂಕ?

— 566 ಗ್ರಾಂ. ಬ್ಯಾಟರಿ ಎರಡು-ಮೂರು ಗಂಟೆ.

— ಶಿಫ್ಟು ಎಂಟು ಗಂಟೆ! ಅರ್ಧ ಕೆ.ಜಿ. ಹೊತ್ತುಕೊಂಡು, ತಲೆ ಬಗ್ಗಿಸಿಕೊಂಡು, ಎಂಟು ಗಂಟೆ... ನಮ್ಮಲ್ಲಿ ಸುರಕ್ಷತೆಗೆ ಅಂತ ಕೊಟ್ಟ ಬರೀ ಪ್ಲಾಸ್ಟಿಕ್ ಕನ್ನಡಕವನ್ನೇ ಸೂಪರ್‌ವೈಸರ್ ಆ ಕಡೆ ಹೋದ ತಕ್ಷಣ ಹಣೆಗೇರಿಸ್ತಿದ್ದರು. ಇದನ್ನ ತೊಡಿಸ್ತೀರಾ?

— ನಾನೂ ಬಾಸ್ ಹತ್ತಿರ ಅದನ್ನೇ ಹೇಳಿದ್ದು. ಹಾಗಂತ ಯಾವುದೂ ನಡೆದೇ ಇಲ್ಲ ಅಂತಲ್ಲ. ಬೋಯಿಂಗ್‌ನವರು ಎರಡು ದಶಕ ಬಿಟ್ಟು ಮತ್ತೆ ಅದೇ ವೈರಿನ ಕೆಲಸಕ್ಕೆ ಬಂದರು, ಈ ಸಲ ಗೂಗಲ್ ಗ್ಲಾಸ್ ಹಿಡಿದು. ವೈರು ಕಟ್ಟೋ ಸಮಯ ಕಾಲು ಭಾಗ ಇಳೀತು ಅಂತ ಹೇಳಿಕೊಂಡರು. ಇದರಲ್ಲಿ ನನಗೆ ಸ್ವಾರಸ್ಯ ಅನ್ನಿಸಿದ್ದು ಏನು ಗೊತ್ತಾ? ಆ ಗ್ಲಾಸು ಹಲಗೆ ಮೇಲೆ ಗೆರೆ ಬರೆಯೋ ಸಾಹಸಕ್ಕೇ ಹೋಗಲ್ಲ. ಕಣ್ಣಿನ ಮೂಲೆಯಲ್ಲಿ ಒಂದು ಪುಟ್ಟ ಪರದೆ, ಅದರಲ್ಲಿ ವೈರಿನ ನಂಬರು, ಮುಂದಿನ ಹೆಜ್ಜೆ, ಅಷ್ಟೇ. ಹಳೇ ಸಂಶೋಧಕರು ಕಂಡ ಕನಸಿನ ಅರ್ಧಕ್ಕರ್ಧ ಭಾಗ ಕೈಬಿಟ್ಟ ಮೇಲೆ ಅದು ಕೆಲಸಕ್ಕೆ ಬಂತು.

— ಕೈಯಲ್ಲಿ ಹಾಳೆ ಹಿಡಿದುಕೊಳ್ಳೋದು, ಕೆಳಗಿಡೋದು, ಬೆರಳಿಟ್ಟು ಸಾಲು ಹುಡುಕೋದು, ಅದೆಲ್ಲ ತಪ್ಪಿತಲ್ಲ. ಕಾಲು ಭಾಗ ಇಳಿದಿದ್ದರೆ ಆಶ್ಚರ್ಯ ಇಲ್ಲ. ಆ ಗ್ಲಾಸು ಈಗ ಎಷ್ಟಕ್ಕೆ ಸಿಗುತ್ತೆ?

— ಸಿಗಲ್ಲ. ಗೂಗಲ್ 2023ರ ಮಾರ್ಚಿನಲ್ಲಿ ಮಾರಾಟ ನಿಲ್ಲಿಸಿತು.

— ಮತ್ತೆ ಆ ಮೈಕ್ರೋಸಾಫ್ಟಿಂದು?

— ಅದನ್ನೂ ತಯಾರಿಸೋದು ನಿಲ್ಲಿಸಿದೀವಿ ಅಂತ 2024ರ ಅಕ್ಟೋಬರಿನಲ್ಲಿ ಹೇಳಿದರು.

— ನೋಡು, ನನಗೆ ಇದು ಅರ್ಥವಾಗಲ್ಲ. 747 ಮೊದಲು ಹಾರಿದ್ದು 1969ರಲ್ಲಿ, ಕೊನೇದನ್ನ ಗಿರಾಕಿಗೆ ಕೊಟ್ಟಿದ್ದು 2023ರಲ್ಲಿ, ಪೇಪರಿನಲ್ಲಿ ಓದಿದ್ದೆ. ಐವತ್ತು ವರ್ಷಕ್ಕೂ ಮೇಲೆ. ವಿಮಾನದ ಕಸುಬಿಗೆ ತಾಳಿಕೆ ಅನ್ನೋದು ಮೊದಲು. ನಾನು ಕೆಲಸಕ್ಕೆ ಸೇರಿದಾಗ ಇದ್ದ ಕ್ರಿಂಪಿಂಗ್ ಟೂಲು ನಾನು ರಿಟೈರ್ ಆಗುವಾಗಲೂ ಇತ್ತು, ವರ್ಷಾ ವರ್ಷ ಕ್ಯಾಲಿಬ್ರೇಷನ್ ಮಾಡಿಸಿದರೆ ಆಯ್ತು. ಐದಾರು ವರ್ಷಕ್ಕೆ ಬಾಗಿಲು ಹಾಕೋ ಅಂಗಡಿಯ ಸಾಮಾನು ನಂಬಿಕೊಂಡು ಹಲಗೆ ಒಡೆದು ಒಲೆಗೆ ಹಾಕಿದರೆ, ಆಮೇಲೆ?

— ಅದಕ್ಕೇ ಗಟ್ಟಿಯಾಗಿ ನಿಂತಿರೋ ಆಗ್ಮೆಂಟೆಡ್ ರಿಯಾಲಿಟಿ ಯಾವುದು ಅಂತ ನನ್ನ ಕೇಳಿದರೆ ಕನ್ನಡಕ ಅನ್ನಲ್ಲ, ಲೇಸರ್ ಅಂತೀನಿ. ವಿಮಾನದ ರೆಕ್ಕೆಗೆ ಕಾರ್ಬನ್ ಫೈಬರ್ ಬಟ್ಟೆ ಪದರ ಪದರವಾಗಿ ಅಚ್ಚಿನ ಮೇಲೆ ಹಾಸ್ತಾರಲ್ಲ, ಅಲ್ಲಿ ನೋಡಬೇಕು. ಒಂದೊಂದು ಪದರಕ್ಕೂ ಆಕಾರ ಬೇರೆ, ನಾರಿನ ದಿಕ್ಕು ಬೇರೆ. ಹಿಂದೆ ಪದರದ ಅಂಚು ಎಲ್ಲಿ ಬರಬೇಕು ಅಂತ ತೋರಿಸೋಕೆ ಪ್ಲಾಸ್ಟಿಕ್ ಹಾಳೆಯ ಟೆಂಪ್ಲೇಟ್ ಇಡ್ತಿದ್ದರು. ಈಗ ಚಾವಣಿಯಿಂದ ಪ್ರೊಜೆಕ್ಟರ್ ಒಂದು ಲೇಸರ್ ಕಿರಣವನ್ನ ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಓಡಿಸಿ, ಆ ಪದರದ ಹೊರಗೆರೆಯನ್ನ ಅಚ್ಚಿನ ಮೇಲೇ ಹಸಿರಾಗಿ ಬರೆಯುತ್ತೆ. ದರ್ಜಿ ಚಾಕಿನಲ್ಲಿ ಗುರುತು ಹಾಕಿಕೊಟ್ಟ ಹಾಗೆ. ಒಂದು ಪದರ ಹಾಸಿದರೆ ಅದು ಅಳಿಸಿ ಮುಂದಿನದು ಬರುತ್ತೆ.

— ಅಚ್ಚು ಒಂದಿಷ್ಟು ಸರಿದಿದ್ದರೆ?

— ಅಚ್ಚಿನ ಅಂಚಿನಲ್ಲಿ ಬೆಳಕು ವಾಪಸ್ ಹೊಡೆಯೋ ಗುರುತುಗಳಿರುತ್ತವೆ. ಪ್ರೊಜೆಕ್ಟರ್ ಮೊದಲು ಅವನ್ನ ಹುಡುಕಿ, ಅಚ್ಚು ಎಲ್ಲಿದೆ ಅಂತ ಲೆಕ್ಕ ಹಾಕಿಕೊಂಡೇ ಗೆರೆ ಎಳೆಯೋದು. ಅರ್ಧ ಮಿಲಿಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತೆ. ಯಾರ ತಲೆಗೂ ಏನೂ ತೊಡಿಸಬೇಕಿಲ್ಲ. ತಲೆ ಅಲ್ಲಾಡೋ ಪ್ರಶ್ನೆಯೇ ಇಲ್ಲ, ಕಣ್ಣಿಗೆ ಎರಡು ದೂರ ಇಲ್ಲ. ಗೆರೆ ಸಾಮಾನಿನ ಮೇಲೇ ಬಿದ್ದಿರುತ್ತೆ. ಪಕ್ಕದವರಿಗೂ ಕಾಣುತ್ತೆ.

— ಪಕ್ಕದವರಿಗೂ ಕಾಣುತ್ತೆ ಅಂದೆಯಲ್ಲ, ಅದು ದೊಡ್ಡ ಮಾತು. ನಮ್ಮ ಸೆಕ್ಷನ್ನಿನಲ್ಲಿ ವರ್ಕ್ ಇನ್‌ಸ್ಟ್ರಕ್ಷನ್ ಎಲ್ಲ ಇಂಗ್ಲಿಷಿನಲ್ಲಿ ಇರೋದು. ಹೊಸ ಹುಡುಗಿಯರು ಅದನ್ನ ಓದ್ತಿರಲಿಲ್ಲ. 'ಅಕ್ಕಾ, ಇದು ಮೇಲೆ ಬರಬೇಕಾ ಕೆಳಗಾ' ಅಂತ ಪಕ್ಕದವಳನ್ನ ಕೇಳೋರು. ಆಕೆ ಕೈಯಲ್ಲಿದ್ದ ಕೆಲಸ ಬಿಡದೆ ಕತ್ತು ಚಾಚಿ ಗೆರೆ ನೋಡಿ ಹೇಳೋಳು. ಕೆಲಸ ಕಲಿತಿದ್ದು ಹಾಗೆ. ನಿಮ್ಮ ಕನ್ನಡಕದೊಳಗಿನ ಗೆರೆ ಅವಳೊಬ್ಬಳಿಗೇ ತಾನೇ ಕಾಣೋದು?

— ಹೌದು. ಕೇಳಬೇಕಾದ ಪ್ರಮೇಯವೇ ಇಲ್ಲ, ಬಾಣ ತೋರಿಸುತ್ತೆ ಅಂತ ನಮ್ಮವರು ಅದನ್ನ ಗುಣ ಅಂತಲೇ ಹೇಳ್ತಾರೆ. ಬಾಣಕ್ಕೆ ಭಾಷೆ ಬೇಡ ಅನ್ನೋದು ನಿಜವಾಗಿಯೂ ಗುಣವೇ. ಬೆಂಗಳೂರಲ್ಲಿ ಹಾರ್ನೆಸ್ ಕಟ್ಟಿ ಅಮೆರಿಕದ ವಿಮಾನಗಳಿಗೆ ಕಳಿಸೋ ಕಂಪನಿಗಳಿವೆ. ಅಲ್ಲಿ ಐಟಿಐ ಮುಗಿಸಿ ಬಂದ ಹುಡುಗಿಗೆ ಇಂಗ್ಲಿಷ್ ಹಾಳೆಗಿಂತ ಬಾಣ ಎಷ್ಟೋ ವಾಸಿ.

— ವಾಸಿ, ಒಪ್ಪಿದೆ. ಬಾಣ ನಿಂತ ದಿನ ಅವಳ ಹತ್ತಿರ ಏನುಳೀತು ಅನ್ನೋದು ಬೇರೆ ಪ್ರಶ್ನೆ. ಇರಲಿ, ಡಿಸೈನ್ ಮಾಡೋರೂ ಇದನ್ನ ಬಳಸ್ತಾರಾ?

— ಡಿಸೈನಿನಲ್ಲಿ ಕಷ್ಟ ಕಡಿಮೆ, ಅದಕ್ಕೇ ಹೇಳೋಕೆ ಹೆಚ್ಚಿಲ್ಲ. ಕಾರು ಕಂಪನಿಗಳು ಹೊಸ ಮಾಡೆಲನ್ನ ಮೊದಲು ಜೇಡಿಯಲ್ಲಿ, ನಿಜವಾದ ಗಾತ್ರದಲ್ಲಿ ಕೆತ್ತಿ ನೋಡ್ತವೆ. ಕನ್ನಡಿ ಆಕಾರ ಬದಲಾಯಿಸಬೇಕು ಅಂದರೆ ಜೇಡಿ ಕೆರೆದು ಮತ್ತೆ ಮೆತ್ತಬೇಕು. 2017ರಲ್ಲಿ ಫೋರ್ಡ್‌ನವರು ತಮ್ಮ ಸ್ಟುಡಿಯೋದಲ್ಲಿ ಹೋಲೋಲೆನ್ಸ್ ತೊಟ್ಟು, ಅದೇ ಜೇಡಿ ಕಾರಿನ ಮೇಲೆ ಬೇರೆ ಬೇರೆ ಕನ್ನಡಿ, ಬೇರೆ ಬೇರೆ ಗ್ರಿಲ್ ಒಂದಾದ ಮೇಲೊಂದು ಕೂರಿಸಿ ನೋಡೋಕೆ ಶುರು ಮಾಡಿದರು. ಅಲ್ಲಿ ಒಂದು ಸೆಂಟಿಮೀಟರ್ ಆಚೀಚೆ ಆದರೂ ಯಾರೂ ಸಾಯಲ್ಲ. ನಿಂತುಕೊಂಡು, ಎರಡು ಮೀಟರ್ ದೂರದಿಂದ, ಹತ್ತು ನಿಮಿಷ ನೋಡಿ ತೆಗೆದಿಡೋ ಕೆಲಸ. ಆ ಉಪಕರಣಕ್ಕೆ ಹೇಳಿ ಮಾಡಿಸಿದ್ದು.

— ಆದರೂ ಜೇಡಿ ಬಿಡಲಿಲ್ಲ.

— ಬಿಡಲಿಲ್ಲ. ಬೆಳಕು ಒಂದು ತಿರುವಿನ ಮೇಲೆ ಹೇಗೆ ಜಾರುತ್ತೆ ಅಂತ ಕೈಯಾಡಿಸಿ ನೋಡಬೇಕು ಅಂತಾರೆ ಅವರು. ಮಾವ, ನಿಜವಾದ ಗೋಜಲು ಇರೋದು ಕನ್ನಡಕದಲ್ಲೂ ಅಲ್ಲ, ಲೇಸರಿನಲ್ಲೂ ಅಲ್ಲ. ಅದರ ಹಿಂದಿನ ಡ್ರಾಯಿಂಗಿನಲ್ಲಿ. ಏರ್‌ಬಸ್ ಎ380 ಕತೆ ಗೊತ್ತಲ್ಲ?

— ವೈರು ಗಿಡ್ಡ ಬಂದಿದ್ದು ತಾನೇ? ನಮ್ಮ ಸೆಕ್ಷನ್ನಿನಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಅಷ್ಟು ದೊಡ್ಡವರಿಗೇ ಹೀಗಾದರೆ ಅಂತ ನಮಗೊಂದು ಸಮಾಧಾನ.

— ಒಂದು ವಿಮಾನಕ್ಕೆ ಸುಮಾರು ಒಂದು ಲಕ್ಷ ವೈರು, 530 ಕಿಲೋಮೀಟರ್ ಉದ್ದ, 40,000ಕ್ಕೂ ಮೇಲೆ ಕನೆಕ್ಟರು. ಹ್ಯಾಂಬರ್ಗಿನವರು ಡಿಸೈನ್ ಮಾಡಿದ್ದು ಕಟಿಯಾ ಸಾಫ್ಟ್‌ವೇರಿನ ನಾಲ್ಕನೇ ಆವೃತ್ತಿಯಲ್ಲಿ, ಟುಲೂಸಿನವರು ಐದನೇದರಲ್ಲಿ. ಒಂದು ಕಡೆ ಮಾಡಿದ ಬದಲಾವಣೆ ಇನ್ನೊಂದು ಕಡೆಗೆ ಸರಿಯಾಗಿ ದಾಟಲಿಲ್ಲ. ಹ್ಯಾಂಬರ್ಗಿನಲ್ಲಿ ಕಟ್ಟಿದ ಹಾರ್ನೆಸ್ ಟುಲೂಸಿನಲ್ಲಿ ವಿಮಾನದೊಳಗೆ ಎಳೆದರೆ ಕನೆಕ್ಟರಿಗೆ ಎಟುಕಲಿಲ್ಲ. ಜರ್ಮನಿಯಿಂದ ನೂರಾರು ಮೆಕ್ಯಾನಿಕ್‌ಗಳು ಬಂದು ಕೈಯಲ್ಲೇ ಬಿಚ್ಚಿ ಕಟ್ಟಬೇಕಾಯಿತು. 2006ರ ಜೂನಿನಲ್ಲಿ ಇನ್ನಷ್ಟು ತಡ ಅಂತ ಘೋಷಿಸಿದ ಮರುದಿನವೇ ಮಾತೃಸಂಸ್ಥೆಯ ಷೇರು ಕಾಲು ಭಾಗ ಕುಸೀತು. ಮುಂದಿನ ತಿಂಗಳು ದೊಡ್ಡ ಕುರ್ಚಿಯಲ್ಲಿದ್ದ ಇಬ್ಬರು ರಾಜೀನಾಮೆ ಕೊಟ್ಟರು. ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸಿಗೆ ಸೇರಿದ್ದು 2007ರ ಅಕ್ಟೋಬರಿನಲ್ಲಿ.

— ಸರಿ, ನಿಮ್ಮ ಕನ್ನಡಕ ಇದ್ದಿದ್ದರೆ ಅದು ತಪ್ಪುತ್ತಿತ್ತಾ?

— ತಪ್ಪುತ್ತಿರಲಿಲ್ಲ! ಅದನ್ನೇ ಹೇಳೋಕೆ ಬಂದೆ. ಹ್ಯಾಂಬರ್ಗಿನವರ ಕನ್ನಡಕದಲ್ಲಿ ತಪ್ಪು ಉದ್ದದ ಗೆರೆಯೇ ಬಹಳ ಚೆನ್ನಾಗಿ, ಒಂದು ಚೂರೂ ಅಲುಗಾಡದೆ ಕಾಣ್ತಿತ್ತು. ಅವರು ಇನ್ನೂ ಬೇಗ ತಪ್ಪು ಹಾರ್ನೆಸ್ ಕಟ್ಟಿರ್ತಿದ್ದರು.

— ಹ್ಹ! ಹೇಳು, ಹೇಳು.

— ಅದೇ ವಿಮಾನದಲ್ಲಿ ಆಮೇಲೆ ಇದರ ಒಳ್ಳೇ ಉಪಯೋಗವೂ ಆಯಿತು. ಏರ್‌ಬಸ್‌ನವರು ಒಂದು ಟ್ಯಾಬ್ಲೆಟ್ ವ್ಯವಸ್ಥೆ ಮಾಡಿದರು, ಹೆಸರು ಮೀರಾ.

— ಮೀರಾ! ಪಕ್ಕಾ ನಮ್ಮ ಕಡೆಯ ಹುಡುಗಿ.

— ಅಕ್ಷರ ಕೂಡಿಸಿದ ಹೆಸರು ಮಾವ, ನಮ್ಮವಳಲ್ಲ. ವೈರು, ಪೈಪು ಹಿಡಿದುಕೊಳ್ಳೋ ಬ್ರ್ಯಾಕೆಟ್ಟುಗಳು ಎ380 ಹೊಟ್ಟೆಯೊಳಗೆ 60,000ದಿಂದ 80,000. ಎಲ್ಲ ಇವೆಯಾ, ಸರಿಯಾದ ಜಾಗದಲ್ಲಿವೆಯಾ ಅಂತ ಒಂದೊಂದನ್ನೂ ನೋಡಬೇಕಿತ್ತು. ಟ್ಯಾಬ್ಲೆಟ್ ಹಿಡಿದು ಗೋಡೆ ಕಡೆ ತೋರಿಸಿದರೆ ಡಿಸೈನಿನ ಮಾಡೆಲ್ಲು ನಿಜವಾದ ಗೋಡೆಯ ಮೇಲೆ ಕೂತು, ಎಲ್ಲಿ ಬ್ರ್ಯಾಕೆಟ್ ಇಲ್ಲವೋ ಅದು ಥಟ್ಟನೆ ಕಾಣ್ತಿತ್ತು. ಮೂರು ವಾರದ ತಪಾಸಣೆ ಮೂರು ದಿನಕ್ಕೆ ಇಳೀತು ಅಂತ ಏರ್‌ಬಸ್ ಹೇಳಿದೆ.

— ಇದು ನನಗೆ ಹಿಡಿಸಿತು. ಯಾಕೆ ಗೊತ್ತಾ? ನೀನು ಮೊದಲು ಹೇಳಿದ್ದೆಲ್ಲ ಡ್ರಾಯಿಂಗು ಕೈಗೆ ಅಪ್ಪಣೆ ಕೊಡೋದು. ಇದರಲ್ಲಿ ಮನುಷ್ಯ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡ್ತಾನೆ, ಡ್ರಾಯಿಂಗ್ ಏನು ಹೇಳುತ್ತೆ, ಕಬ್ಬಿಣ ಏನು ಹೇಳುತ್ತೆ ಅಂತ.

— ಅಲ್ಯೂಮಿನಿಯಂ.

— ಆಯ್ತಮ್ಮ, ಅಲ್ಯೂಮಿನಿಯಂ. ನಮ್ಮ ಹಲಗೆಯಲ್ಲಿ ಒಂದು ವಿಷಯ ನಾನು ಹೇಳಲೇ ಇಲ್ಲ. ಆ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದಿರೋರು. ಇಲ್ಲಿ ಇಪ್ಪತ್ತು ಎಂ.ಎಂ. ಸಡಿಲ ಬಿಡಿ. ಈ ಕವಲು ಮೊದಲು ಕಟ್ಟಬೇಡಿ, ಆಮೇಲೆ ಕೈ ಹೋಗಲ್ಲ. ಒಂದು ಕಡೆ ಡ್ರಾಯಿಂಗಿನ ನಂಬರಿಗೇ ಕಾಟು ಹೊಡೆದು ಬೇರೆ ನಂಬರು ಬರೆದಿದ್ದರು, ಮೂರು ಜನರ ಕೈಬರಹ. ವಿಮಾನದೊಳಗೆ ಹಾರ್ನೆಸ್ ಎಳೆದು ಕೂರಿಸೋ ಹುಡುಗರು ಬಂದು, 'ಮೇಡಂ, ಆ ಮೂಲೇಲಿ ತಿರುಗಲ್ಲ' ಅಂತ ಹೇಳಿದ್ದು ಹೀಗೆ ಹಲಗೆ ಮೇಲೆ ಬರ್ತಿತ್ತು. ಕ್ವಾಲಿಟಿಯವರು ಕಂಡರೆ ಬಯ್ಯೋರು, ಕಂಟ್ರೋಲ್ಡ್ ಡ್ರಾಯಿಂಗ್ ಮೇಲೆ ಗೀಚಬಾರದು ಅಂತ. ಬಯ್ದು, ಆಮೇಲೆ ಸದ್ದಿಲ್ಲದೆ ಬರೆದುಕೊಂಡು ಹೋಗಿ ಡಿಸೈನಿಗೆ ಚೇಂಜ್ ನೋಟ್ ಹಾಕೋರು. ಮುಂದಿನ ಇಷ್ಯೂನಲ್ಲಿ ಆ ಪೆನ್ಸಿಲು ಅಚ್ಚಾಗಿ ಬರ್ತಿತ್ತು. ನಿಮ್ಮ ಲೇಸರ್ ಗೆರೆ ಮೇಲೆ ಪೆನ್ಸಿಲ್ ಓಡುತ್ತಾ?

— ನಮ್ಮ ಸಾಫ್ಟ್‌ವೇರಿನಲ್ಲಿ ಕಾಮೆಂಟ್ ಹಾಕೋ ಸೌಲಭ್ಯ ಇದೆ. ಟ್ಯಾಬ್ಲೆಟ್ಟಿನಲ್ಲಿ ಒಂದು ಬಟನ್. ಒತ್ತಿದರೆ ಆ ಹೆಜ್ಜೆಗೆ ಒಂದು ಗುರುತು ಬೀಳುತ್ತೆ, ಫೋಟೋನೂ ಸೇರಿಸಬಹುದು.

— ಯಾರಾದರೂ ಒತ್ತಿದ್ದಾರಾ?

— ಟ್ರಯಲ್ಲಿನಲ್ಲಿ ಬಹಳ ಕಮ್ಮಿ. ಅದಕ್ಕೆ ಕಾರಣವೂ ಗೊತ್ತಾಯ್ತು. ಒಂದೊಂದು ಹೆಜ್ಜೆಗೆ ಯಾರಿಗೆ ಎಷ್ಟು ಸೆಕೆಂಡ್ ಹಿಡೀತು ಅಂತ ಅದೇ ಸಾಫ್ಟ್‌ವೇರ್ ಬರೆದುಕೊಳ್ಳುತ್ತೆ. ಬಟನ್ ಒತ್ತಿ, ಫೋಟೋ ತೆಗೆದು, ಎರಡು ಸಾಲು ಬರೆಯೋ ಹೊತ್ತಿಗೆ ಅವರ ಹೆಸರಿನ ಮುಂದೆ ಕೆಂಪು ಬಣ್ಣ ಬಂದಿರುತ್ತೆ.

— ಹಿಂದೆ ಟೈಮ್ ಸ್ಟಡಿಯವನು ಸ್ಟಾಪ್‌ವಾಚ್ ಹಿಡಿದು ಬಂದು ಬೆನ್ನ ಹಿಂದೆ ನಿಲ್ಲೋನು. ಬಂದ ಅಂತ ಗೊತ್ತಾಗ್ತಿತ್ತು, ಎಲ್ಲರೂ ಅವತ್ತು ನಿಧಾನವಾಗಿ, ನೀಟಾಗಿ ಕಟ್ಟೋರು. ಸಂಜೆ ಅವನು ಮನೆಗೆ ಹೋಗೋನು. ನೀವು ಅವನನ್ನ ಕನ್ನಡಕದೊಳಗೇ ಕೂರಿಸಿಬಿಟ್ಟಿದೀರಿ, ಮನೆಗೂ ಹೋಗಲ್ಲ.

— ಗಡಿಯಾರ ಬೇಡ ಅಂತ ನಾನು ವಾದ ಮಾಡಿದೆ. ಉಪಕರಣಕ್ಕೆ ಹಾಕಿದ ದುಡ್ಡು ಯಾವಾಗ ವಾಪಸ್ ಬರುತ್ತೆ ಅಂತ ಗಿರಾಕಿ ಕಂಪನಿಯವರಿಗೆ ತೋರಿಸಬೇಕಲ್ಲ, ಆ ಲೆಕ್ಕಕ್ಕೆ ಗಡಿಯಾರ ಬೇಕೇ ಬೇಕು ಅಂದರು. ಅದರಲ್ಲೂ ತಪ್ಪಿಲ್ಲ. ಎಷ್ಟು ಉಳೀತು ಅಂತ ತೋರಿಸದೆ ಯಾರು ಕೊಳ್ತಾರೆ?

— ಇಡೀ ಲೈನಿನ ಲೆಕ್ಕ ತೋರಿಸಲಿ, ಒಬ್ಬೊಬ್ಬಳ ಹೆಸರು ಯಾಕೆ? ಹೆಸರು ತೆಗೆದರೆ ಅವರ ಲೆಕ್ಕಕ್ಕೇನು ಕಮ್ಮಿಯಾಗುತ್ತೆ?

— ಏನೂ ಆಗಲ್ಲ. ಅದು ನಮ್ಮ ಕಡೆಯಿಂದಲೇ ಮಾಡಬಹುದಾದ ಬದಲಾವಣೆ. ಬಟನ್ ಒತ್ತಿದ ತಕ್ಷಣ ಗಡಿಯಾರ ನಿಲ್ಲೋ ಹಾಗೂ ಮಾಡಬಹುದು.

— ಮಾಡು. ಇನ್ನೊಂದು, ಕನ್ನಡಕ ಬಿಟ್ಟು ಮೇಲಿಂದ ಬೆಳಕು ಬೀಳೋ ಹಾಗೆ ಮಾಡೋಕಾಗುತ್ತಾ, ಹಾರ್ನೆಸ್ಸಿಗೂ? ಲೇಸರೇ ಆಗಬೇಕಂತಿಲ್ಲ, ಮಾಮೂಲಿ ಪ್ರೊಜೆಕ್ಟರ್ ಇದ್ದರೂ ಸಾಕು. ಬಿಳೀ ಹಲಗೆ, ಸರಿಸೋಕೆ ಬರೋ ಮೊಳೆ.

— ಆಗುತ್ತೆ. ಕೈ ಅಡ್ಡ ಬಂದರೆ ನೆರಳು ಬೀಳುತ್ತೆ, ಎರಡು ಪ್ರೊಜೆಕ್ಟರ್ ಎದುರುಬದುರು ಹಾಕಬೇಕು. ವೈರುಗಳ ಕಟ್ಟು ದಪ್ಪ ಆಗ್ತಾ ಹೋದ ಹಾಗೆ ಗೆರೆ ಅದರ ಬೆನ್ನ ಮೇಲೆ ಏರಿ ಸೊಟ್ಟ ಆಗುತ್ತೆ, ಅದನ್ನ ಸರಿ ಮಾಡಿಕೊಳ್ಳೋ ಲೆಕ್ಕ ಬರೀಬೇಕು. ಕನೆಕ್ಟರಿನ ಪಿನ್ನಿಗೆ ಮಾತ್ರ ಬೆಳಕಿನ ಗೆರೆ ಸಾಲದು, ಪಕ್ಕದಲ್ಲಿ ಒಂದು ಸ್ಕ್ರೀನ್ ಇಟ್ಟು ತೂತುಗಳ ಚಿತ್ರ ದೊಡ್ಡದಾಗಿ ತೋರಿಸಬೇಕಾಗುತ್ತೆ.

— ಅದು ಸಾಕು. ಟಕ್ ಅನ್ನೋದು ಹೇಗಿದ್ದರೂ ಬೆರಳಿಗೇ ಬಿಟ್ಟಿದ್ದು. ಸರಿ, ಆ ಬಟನ್ ಒತ್ತಿದ್ದು ಕೊನೆಗೆ ಯಾರ ಟೇಬಲ್ಲಿಗೆ ಹೋಗುತ್ತೆ?

— ಈಗ ಯಾರ ಟೇಬಲ್ಲಿಗೂ ಹೋಗಲ್ಲ. ಸರ್ವರಿನಲ್ಲಿ ಒಂದು ಪಟ್ಟಿಯಾಗಿ ಕೂತಿರುತ್ತೆ. ಡ್ರಾಯಿಂಗ್ ಇರೋದು ಗಿರಾಕಿ ಕಂಪನಿಯ ಡಿಸೈನ್ ಆಫೀಸಿನಲ್ಲಿ, ಬೇರೆ ದೇಶದಲ್ಲಿ. ಅವರ ಸಿಸ್ಟಮ್ಮಿಗೆ ನಮ್ಮದು ಬರೆಯೋಕೆ ಅನುಮತಿ ಇಲ್ಲ, ಓದೋಕೆ ಮಾತ್ರ.

— ಹಾಗಿದ್ದರೆ ಅಲ್ಲಿವರೆಗೆ ಸೆಕ್ಷನ್ನಿನಲ್ಲಿ ಒಬ್ಬ ಸೀನಿಯರ್ ಹೆಂಗಸನ್ನ ಆ ಪಟ್ಟಿಗೆ ಹಾಕಿ. ದಿನಾ ಸಂಜೆ ಓದಿ, ಚೇಂಜ್ ನೋಟ್ ಬರೆದು ಕಳಿಸಲಿ. ಅದಕ್ಕೆ ಅವಳಿಗೆ ಒಂದು ಗಂಟೆ ಬಿಡುವೂ ಕೊಡಿ.

— ಪ್ರಪೋಸಲ್‌ನಲ್ಲಿ ಅದಕ್ಕೆ ಯಾವ ಹೆಡ್ಡಿನಲ್ಲಿ ಖರ್ಚು ತೋರಿಸಲಿ?

— ಪ್ರೊಜೆಕ್ಟರಿನ ಮೇಂಟೆನೆನ್ಸ್ ಅಂತ ಹಾಕು. ಯಾರೂ ಕೇಳಲ್ಲ.